ಯೂನಿಸಳ ಮಗ್ಗ

ವರ್ಮಾಂಟಿನ ಹೊಲಮನೆಯಿಂದ ತಂಗಿ ಡಾರ್ಕಸ್ ಪೆಟ್ಟಿಗೆ ಹಿಡಿದು ಫಾಲ್ ರಿವರ್ ಊರಿನ ಬಟ್ಟೆ ಗಿರಣಿಯ ಬಾಗಿಲಿಗೆ ಬಂದು ನಿಂತಾಗ ಫಿಲೀನಾಳ ಎದೆ ಧಸಕ್ಕೆಂದಿತು. ಇಷ್ಟು ವರ್ಷ ಅವಳು ಮಗ್ಗದ ಮುಂದೆ ಜೀವ ತೇದದ್ದು ಈ ಹುಡುಗಿ ಓದಿ ಟೀಚರಮ್ಮನಾಗಲಿ ಎಂದು.

"ನಿನ್ನ ಓದು ಏನಾಯ್ತೇ?"

"ನೀನು ಕಳಿಸಿದ ದುಡ್ಡಲ್ಲಿ ಅಪ್ಪ ನಿನ್ನ ತಮ್ಮ ಏಮಸ್‌ನ ಕಾಲೇಜಿಗೆ ಸೇರಿಸಿದ್ರು. 'ಅವನು ಗಂಡುಹುಡುಗ. ಹುಡುಗೀರಿಗೇನು, ಈಗ ಕಾಲ ಬದಲಾಗಿದೆ, ಗಿರಣೀಲಿ ಬೇಕಾದಷ್ಟು ಕೆಲಸ' ಅಂದ್ರು." ಡಾರ್ಕಸ್ ನಕ್ಕಳು. "ಹೋಗ್ಲಿ ಬಿಡಕ್ಕಾ. ನಿನ್ನ ಹಾಗೆ ಟೋಪಿ ಇಟ್ಕೊಂಡು ಪೇಟೆ ಸುತ್ತೋದು ನಂಗೂ ಇಷ್ಟವೇ."

ಕಾಲ ಬದಲಾಗಿತ್ತು, ಸುಳ್ಳಲ್ಲ. ಅಜ್ಜಿಯ ಕಾಲದಲ್ಲಿ ಹೆಣ್ಣು ಒಲೆ ಬಿಟ್ಟು ಆಚೆ ಬರುವಂತಿರಲಿಲ್ಲ. ಈಗ ಧಾರಾಳವಾಗಿ ದುಡಿಯಬಹುದು. ದುಡಿದದ್ದು ಯಾರ ಪಾಲಾಯಿತು ಎಂದು ಮಾತ್ರ ಕೇಳಬಾರದು.

ಮರುದಿನ ಮೇಸ್ತ್ರಿ ಗ್ರಿಂಡಲ್ ಡಾರ್ಕಸ್‌ಗೆ ಕೊಟ್ಟದ್ದು ಫಿಲೀನಾಳ ಜೊತೆ ನೇಯುತ್ತಿದ್ದ ಯೂನಿಸಳ ಮಗ್ಗ. ನೂಲು ಸುತ್ತಿದ ಹೊಸ ಕಂಡಿಕೆಯನ್ನು ಲಾಳಿಯೊಳಗೆ ಹಾಕಿದಾಗಲೆಲ್ಲ ಅದರ ತೂತಿಗೆ ಬಾಯಿಟ್ಟು, ಉಸಿರೆಳೆದು ನೂಲನ್ನು ಹೊರಗೆ ತರುವುದು ಅಲ್ಲಿನ ರೂಢಿ. ನೂಲಿನ ಜೊತೆ ಹತ್ತಿಯ ಧೂಳೂ, ಹಿಂದೆ ಬಾಯಿಟ್ಟವರ ಕಾಯಿಲೆಯೂ ಬರುತ್ತಿತ್ತು. ಯೂನಿಸ್ ಚಳಿಗಾಲವಿಡೀ ರಕ್ತ ಕೆಮ್ಮಿ, ಹೋದ ವಾರ ಮಣ್ಣು ಸೇರಿದ್ದಳು. ಲಾಳಿ ಅದೇ ಇತ್ತು.

ಫಿಲೀನಾ ತನ್ನ ತಲೆಯ ಪಿನ್ನನ್ನು ಕೊಕ್ಕೆಯಂತೆ ಬಗ್ಗಿಸಿ, ಅದರಿಂದ ನೂಲೆಳೆಯುವುದನ್ನು ತಂಗಿಗೆ ತೋರಿಸಿದಳು. ಮಗ್ಗಗಳ ಗದ್ದಲದಲ್ಲಿ ಅವಳ ಕಿವಿಯ ಹತ್ತಿರ ಬಾಗಿ ಕೂಗಿದಳು: "ಬಾಯಿ ಮಾತ್ರ ಇಡ್ಬೇಡ ಕಣೇ, ನನ್ನಾಣೆ!"

ತಂಗಿಯ ಕೈಯಲ್ಲಿ ಕೊಕ್ಕೆ ಜಾರಿತು. ಮತ್ತೆ ಜಾರಿತು. ಗ್ರಿಂಡಲ್ ಬಂದು ನಿಂತ.

"ಏನಮ್ಮಾ, ಅಕ್ಕತಂಗೀರು ಕಸೂತಿ ಹಾಕ್ತಿದೀರಾ? ಮಗ್ಗ ಸುಮ್ನೆ ನಿಂತಿದೆ. ದೇವರು ಬಾಯಿ ಕೊಟ್ಟಿಲ್ವಾ?"

"ಮೇಸ್ತ್ರಿಗಳೇ, ಯೂನಿಸ್ ಸತ್ತಿದ್ದು ಇದರಿಂದಾನೇ..." ಎಂದಳು ಫಿಲೀನಾ.

"ಅವಳು ಚಳಿಗೆ ಸತ್ಲು. ಭಯ ಇದ್ರೆ ಇಬ್ರೂ ಹೊರಡಿ. ಗೇಟಿನ ಹತ್ರ ಹುಡುಗೀರು ಕಾಯ್ತಾ ಇದಾರೆ."

ಎಲ್ಲಿಗೆ ಹೊರಡುವುದು? ಮನೆಗೆ ಹೋದರೆ ಅಪ್ಪ ಇನ್ನೊಂದು ಗಿರಣಿಗೆ ಅಟ್ಟುತ್ತಾನೆ; ಅಲ್ಲೂ ಇಂಥದ್ದೇ ಲಾಳಿ. ಕಣ್ಣೆದುರೇ ತಂಗಿ ಬಾವಿಗೆ ಬೀಳುತ್ತಿದ್ದರೂ ಕೈಕಟ್ಟಿ ನಿಲ್ಲಬೇಕಾಯಿತಲ್ಲ ಎಂದು ಫಿಲೀನಾಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ತನ್ನಿಂದಾಗಿ ಅಕ್ಕ ಬೈಸಿಕೊಳ್ಳುವುದು ಡಾರ್ಕಸ್‌ಗೆ ಬೇಡವಾಗಿತ್ತು. ಪಕ್ಕದ ಮಗ್ಗದವಳು ಮಾಡುವುದನ್ನು ಒಮ್ಮೆ ನೋಡಿದಳು. ಲಾಳಿಯೆತ್ತಿ ಬಾಯಿಗಿಟ್ಟು, ಜೋರಾಗಿ ಉಸಿರೆಳೆದಳು.

"ಭೇಷ್!" ಎಂದ ಗ್ರಿಂಡಲ್. "ನಿಮ್ಮಕ್ಕನಿಗಿಂತ ಜಾಣೆ ನೀನು."

"ನೋಡಕ್ಕಾ, ಒಂದೇ ಸಲಕ್ಕೆ ಬಂದ್ಬಿಡ್ತು!" ತುಟಿಗಂಟಿದ ಹತ್ತಿಯನ್ನೂ ಒರೆಸಿಕೊಳ್ಳದೆ ಡಾರ್ಕಸ್ ಅಕ್ಕನತ್ತ ತಿರುಗಿ ನಕ್ಕಳು.

ಗ್ರಿಂಡಲ್ ನೋಡುತ್ತಿದ್ದ. ಚೆನ್ನಾಗಿ ಮಾಡಿದೆ ಎಂದು ಫಿಲೀನಾ ತಲೆಯಾಡಿಸಿದಳು.