ಜಗಲಿಯ ಕಾವಲು

ಸಿದ್ಧಕಟ್ಟೆಯ ಜಿನಸು ವ್ಯಾಪಾರಿ ಸುಲೈಮಾನ್ ಮಳೆಗಾಲದಿಂದಲೂ ಸ್ವಂತ ಮನೆಯ ಜಗಲಿ ಕಾಯುತ್ತಿದ್ದ. ಬೆಳ್ತಂಗಡಿಯ ತಂಗಿಯಾಗಲಿ, ಮೂಡುಬಿದಿರೆಯ ಭಾವನಾಗಲಿ, ರೋಗಿಯನ್ನು ನೋಡಲು ಕಿತ್ತಳೆ ಹಿಡಿದು ಬಂದವರನ್ನೆಲ್ಲ ಅಲ್ಲೇ ತಡೆದು, "ಗಡ್ಡೆ ಅಂತ ಬಾಯಿ ಬಿಡ್ಬೇಡಿ ಮಾರಾಯ್ರೆ, ಅವಳಿಗೆ ಗೊತ್ತಿಲ್ಲ" ಎಂದು ತಾಕೀತು ಮಾಡಿಯೇ ಒಳಗೆ ಬಿಡುತ್ತಿದ್ದ. ತಲೆಯಲ್ಲಿ ನೆತ್ತರು ಹೆಪ್ಪುಗಟ್ಟಿತ್ತು, ಆಪರೇಷನ್ ಮಾಡಿ ತೆಗೆದಾಯಿತು ಎಂದಷ್ಟೇ ಹೆಂಡತಿ ಮೈಮೂನಮ್ಮನಿಗೆ ಹೇಳಿದ್ದ. ದಮ್ಮಾಮ್‌ನಲ್ಲಿದ್ದ ಮಗಳು ಫಿದಾ ಒಮ್ಮೆ ಫೋನಿನಲ್ಲಿ "ಉಮ್ಮಾ" ಎಂದವಳೇ ಗೊಳೋ ಎಂದು ಅತ್ತಳು. ಸುಲೈಮಾನ್ ಫೋನ್ ಕಿತ್ತುಕೊಂಡ. ಅಳು ನಿಲ್ಲುವವರೆಗೆ ಫೋನ್ ಮಾಡಬಾರದೆಂದು ಮಗಳಿಗೂ ಕಟ್ಟಪ್ಪಣೆಯಾಯಿತು. ಬುದ್ಧಿವಂತಿಕೆ ಅತಿಯಾದರೆ ಹೀಗೇ.

ಮಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ವಿಜೇತಾ ಸುಲೈಮಾನ್‌ಗೆ ಹೊಸ ದಾರಿಯೊಂದನ್ನು ಹೇಳಿದರು.

"ಗಡ್ಡೆ ಸ್ವಲ್ಪ ಉಳಿದಿದೆ. ಮದ್ದು ಉಂಟು, ಆದ್ರೆ ಅಲ್ಲಿಗೆ ಮುಟ್ಟುವುದಿಲ್ಲ. ಮೆದುಳಿನ ರಕ್ತನಾಳಗಳಲ್ಲಿ ಒಂದು ಕಾವಲು ಉಂಟು. ಸಕ್ಕರೆಯನ್ನು ಬಿಡ್ತದೆ, ವಿಷವನ್ನು ತಡೀತದೆ. ಮದ್ದನ್ನೂ ವಿಷ ಅಂತಲೇ ಹಿಂದೆ ಕಳಿಸ್ತದೆ. ನೆತ್ತರಿಗೆ ಸಣ್ಣ ಗುಳ್ಳೆಗಳನ್ನು ಬಿಟ್ಟು, ಹೊರಗಿನಿಂದ ಶಬ್ದದ ಅಲೆ ಹಾಯಿಸಿದ್ರೆ ಆ ಕಾವಲು ಕೆಲವು ಗಂಟೆ ಸಡಿಲ ಆಗ್ತದೆ. ಅಷ್ಟರೊಳಗೆ ಮದ್ದು ಹೋಗ್ಬೇಕು. ಇನ್ನೂ ಪ್ರಯೋಗದ ಹಂತ, ಗ್ಯಾರಂಟಿ ಇಲ್ಲ."

"ಮಾಡುವ ಡಾಕ್ಟ್ರೇ. ಸಹಿ ನಾನು ಹಾಕ್ತೇನೆ."

"ನಿಮ್ಮದು ಆಗುವುದಿಲ್ಲ. ಎಲ್ಲ ತಿಳಿದುಕೊಂಡು ಅವರೇ ಒಪ್ಪಬೇಕು."

ಹೇಳಿದರೆ ಅವಳು ಎದೆಯೊಡೆದೇ ಸಾಯುತ್ತಾಳೆ, ಹೇಳದಿದ್ದರೆ ಗಡ್ಡೆಯಿಂದ ಸಾಯುತ್ತಾಳೆ ಎನ್ನುವುದು ಸುಲೈಮಾನನ ಲೆಕ್ಕ.

ಮರುದಿನ ಸಂಜೆಯ ಅಸರ್ ನಮಾಝ್ ಮುಗಿಸಿ ಬಂದವನು, ಬೆಳ್ಳುಳ್ಳಿ ಸುಲಿಯುತ್ತಿದ್ದ ಹೆಂಡತಿಯ ಎದುರು ಕುಳಿತು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿ ಮುಗಿಸಿದ. ತಲೆ ಎತ್ತುವ ಧೈರ್ಯವಾಗಲಿಲ್ಲ.

ಮೈಮೂನಮ್ಮನ ಕೈ ನಿಂತಿತು.

"ಇಷ್ಟು ದಿನ ಎಲ್ಲರೂ ಪಿಸಿಪಿಸಿ ಮಾಡ್ತಿದ್ದದ್ದು ಇದನ್ನಾ?"

"ಹೌದು."

"ಹಾಗಾದ್ರೆ ಫಿದಾ ಬದುಕಿದ್ದಾಳಾ?"

ಸುಲೈಮಾನ್ ಕಕ್ಕಾಬಿಕ್ಕಿಯಾಗಿ ಅವಳ ಮುಖ ನೋಡಿದ.

"ಅವತ್ತು ಅತ್ತವಳು ಮತ್ತೆ ಮಾತಾಡ್ಲೇ ಇಲ್ಲ. ಬಂದವರೆಲ್ಲ ನನ್ನ ಮುಖ ನೋಡಿ ಕಣ್ಣು ತಪ್ಪಿಸ್ತಾರೆ. ಮಗಳು ಹೋದದ್ದನ್ನು ಮುಚ್ಚಿಡ್ತಿದ್ದೀರಿ ಅಂತಲೇ ಎಣಿಸಿದೆ. ಸತ್ತವರಿಗೆ ಓದುವ ಹಾಗೆ ಅವಳ ಹೆಸರಲ್ಲಿ ದಿನಾ ಯಾಸೀನ್ ಓದ್ತಾ ಇದ್ದೆ."

ಅವನಿಗೆ ನಾಚಿಕೆಯಾಯಿತು.

"ಸಹಿ ಹಾಕ್ತೇನೆ," ಎಂದಳು ಮೈಮೂನಮ್ಮ, ಕೈ ಒರೆಸಿಕೊಳ್ಳುತ್ತ. "ಮೊದಲು ಅವಳಿಗೆ ಫೋನ್ ಮಾಡಿ."

ಫೋನ್ ಎತ್ತಿದ ಫಿದಾ ಹೆದರಿದಳು. "ಬೇಡ ಉಪ್ಪಾ, ನನಗೆ ಇನ್ನೂ ಅಳು ತಡೆಯುವುದಿಲ್ಲ."

"ಅಳು ಮಗಳೇ," ಎಂದ ಸುಲೈಮಾನ್. "ಜೋರಾಗಿ ಅಳು, ಉಮ್ಮನಿಗೆ ಕೇಳಲಿ."