ರೊಟ್ಟಿ ಕಲ್ಲಿನ ಕೆಳಗಿನ ಕೌದಿ

ನಾನು ಒಂದು ಕೌದಿ. ಹಳೆಯ ಸೀರೆ, ಹಳೆಯ ಧೋತರ, ತೋಳು ಹರಿದ ಅಂಗಿ, ಎಲ್ಲವನ್ನೂ ಪದರು ಪದರಾಗಿ ಹಾಸಿ, ಅಂಚಿನಿಂದ ಒಳಕ್ಕೆ ಸಾಲು ಸಾಲಾಗಿ ದಾರ ಓಡಿಸಿದರೆ ಆಗುವವಳು ನಾನು. ಬಾಗಲಕೋಟೆ ಕಡೆಯ ಕಾಶವ್ವ ನನ್ನನ್ನು ಹೊಲಿದಳು. ತೀರಿಕೊಂಡ ಗಂಡನ ಧೋತರಗಳನ್ನು ಒಳಗಿಟ್ಟು, ಓಣಿಯ ಹೆಂಗಸರ ಜೊತೆ ಕಟ್ಟೆಯ ಮೇಲೆ ಕೂತು, ಮಾತಾಡುತ್ತ ಮಾತಾಡುತ್ತ ಹೊಲಿದಳು. ನಾನೂ ಒಂದಿಷ್ಟು ಮಾತುಗಾತಿಯೇ. ಯಾರನ್ನು ದೂರಲಿ?

ಕೌದಿಯಾಗಿ ಹುಟ್ಟಿದ ಮೇಲೆ ಲೋಕವನ್ನು ಕೆಳಗಿನಿಂದಲೇ ನೋಡಬೇಕು. ನನಗೆ ಮೊದಲು ಪರಿಚಯವಾಗುವುದು ಜನರ ಬೆನ್ನು, ಆಮೇಲೆ ಮುಖ. ಕಾಶವ್ವನ ಮಗ ಸಂಗನಬಸವ ನನ್ನ ಮೇಲೆ ಮಲಗಿ ಓದಿದ. ಅವನ ಹೆಂಡತಿಯಾಗಿ ನೀಲಾಂಬಿಕಾ ಬಂದಳು. ಆಮೇಲೆ ಮೊಮ್ಮಗಳು ಹುಟ್ಟಿ ನನ್ನನ್ನು ದಿನಕ್ಕೊಂದು ಸಲವಾದರೂ ಒದ್ದೆ ಮಾಡಿದಳು. ಅದನ್ನು ನಾನು ಎಂದೂ ಬೇಸರ ಮಾಡಿಕೊಂಡಿಲ್ಲ.

ಕೂಸಿಗೆ ವರ್ಷ ತುಂಬಿದ ಮೇಲೆ ನೀಲಾಳಿಗೆ ಮೈಸೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಸಂಗನಬಸವ ಕಂಪ್ಯೂಟರಿನಲ್ಲಿ ಮನೆಗಳ ನಕ್ಷೆ ಬರೆಯುವವನು. “ನನ್ನ ಕೆಲಸ ಎಲ್ಲಿ ಕುಂತ್ರೂ ಆಗ್ತೈತಿ, ನಡೀ” ಎಂದ. ಗಂಡನ ಕೆಲಸದ ಹಿಂದೆ ಹೆಂಡತಿ ಗಂಟು ಕಟ್ಟುವುದನ್ನು ಬೇಕಾದಷ್ಟು ಕಂಡಿದ್ದೆ. ಸೊಸೆಯ ಕೆಲಸದ ಹಿಂದೆ ಇಡೀ ಮನೆ ಹೊರಟಿದ್ದನ್ನು ಕಂಡದ್ದು ಅದೇ ಮೊದಲು.

ಕಾಶವ್ವ ಮಾತ್ರ ಖಡಾಖಂಡಿತವಾಗಿ ಹೇಳಿಬಿಟ್ಟಳು. “ಕೂಸಿನ ಸಂಬಂಧ ಬರ್ತೀನಿ. ಹೊಂದಲಿಲ್ಲಂದ್ರ ತಿರುಗಿ ಬರಾಕಿ. ಯಾರೂ ತಡೀಬಾರ್ದು ಮತ್ತ.”

ಅವಳು ತಿರುಗಿ ಹೋದರೆ, ದಿನವಿಡೀ ನಕ್ಷೆಯ ಮುಂದೆ ಕೂರುವ ಮಗನೊಬ್ಬನಿಂದ ಕೂಸನ್ನು ನೋಡಿಕೊಳ್ಳಲಾಗದು. ನೀಲಾ ಕೆಲಸ ಬಿಡಬೇಕು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ನನ್ನನ್ನು ಟಿ.ವಿ.ಗೆ ಸುತ್ತಿ ಲಾರಿಗೆ ಹಾಕಿದರು. ದಾರಿಯುದ್ದಕ್ಕೂ ಆ ಟಿ.ವಿ.ಯನ್ನು ತಬ್ಬಿಕೊಂಡು ಬಂದೆ. ಒಂದು ಗೀರೂ ಬೀಳಲಿಲ್ಲ, ಅದರ ಹೆಮ್ಮೆ ನನಗೆ ಇನ್ನೂ ಇದೆ.

ಮೈಸೂರು ಚಂದದ ಊರು, ಸುಳ್ಳು ಹೇಳಲಾರೆ. ಮೂರನೆಯ ಮಹಡಿಯ ಮನೆ. ಬಾಲ್ಕನಿಯಲ್ಲಿ ನನ್ನನ್ನು ಒಣಹಾಕಿದರೆ ಎದುರಿಗೇ ಚಾಮುಂಡಿ ಬೆಟ್ಟ. ವಾರವಿಡೀ ಕಂಪ್ಯೂಟರಿನ ಮುಂದೆ ಬಗ್ಗಿ ಕೂತ ಜನ ರಜೆಯ ದಿನ ಸೈಕಲ್ ಏರುತ್ತಾರೆ, ಬೆಟ್ಟದ ಮೆಟ್ಟಿಲು ಹತ್ತುತ್ತಾರೆ, ಕೆರೆ ಸುತ್ತುತ್ತಾರೆ. ಭಾನುವಾರ ನಮ್ಮವರೂ ಬುತ್ತಿ ಕಟ್ಟಿಕೊಂಡು ವರುಣಾ ಕೆರೆಯ ಕಡೆ ಹೋಗಿ ನನ್ನನ್ನು ದಂಡೆಯ ಹುಲ್ಲಿನ ಮೇಲೆ ಹಾಸುತ್ತಿದ್ದರು. ಸಂಗನಬಸವ ಸಣ್ಣ ದೋಣಿ ಹತ್ತಿ ಹುಟ್ಟು ಹಾಕಿದರೆ ಅದು ಮುಂದೆ ಹೋಗದೆ ಗಾಣದೆತ್ತಿನಂತೆ ನಿಂತಲ್ಲೇ ಸುತ್ತುತ್ತಿತ್ತು. ಕಾಶವ್ವ ನನ್ನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಸೋಮವಾರ ಬಂತೆಂದರೆ ಮಾತು ಬಂದ್. ಓಣಿಯಿಲ್ಲ, ಕಟ್ಟೆಯಿಲ್ಲ, ಎಲ್ಲರ ಬಾಗಿಲೂ ಹಾಕಿದ್ದೇ.

ಅವಳಿಗೆ ಇದ್ದ ಒಂದೇ ಸುಖ ರೊಟ್ಟಿ. ನೀಲಾ ಆಫೀಸಿನ ಬಸ್ಸಿಗೆ ಹೋಗುವ ಮೊದಲು ಡಬ್ಬಿಗೆ ಜೋಳದ ರೊಟ್ಟಿ ಆಗಬೇಕು. ಬೆಳಕು ಹರಿಯುವ ಮುಂಚೆಯೇ ಕಾಶವ್ವ ನೆಲದ ಮೇಲೆ ಕಲ್ಲಿಟ್ಟುಕೊಂಡು ಪಟಪಟ ಬಡಿಯುತ್ತಿದ್ದಳು. ಆ ಸದ್ದು ನನಗೆ ಜೋಗುಳ. ಕೆಳಗಿನ ಮನೆಯವರಿಗೆ ಅದು ಏನಾಗಿ ಕೇಳಿಸುತ್ತದೆ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ಕೆಳಗಿನ ಮನೆಯ ಪಂಕಜಾ ಬಾಗಿಲು ಬಡಿದಳು. “ಅಮ್ಮಾ, ಒಂದು ವಿಷಯ...” ಎನ್ನುವಷ್ಟರಲ್ಲಿ ಕಾಶವ್ವನ ಮುಖ ಅರಳಿತು. ನಮ್ಮ ಕಡೆ ರೊಟ್ಟಿ ಬಡಿಯುವ ಹೊತ್ತಿಗೆ ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿಯಿಲ್ಲ. “ಬಾರವ್ವ, ಬಿಸಿ ಅದಾವ” ಎಂದು ಎರಡು ರೊಟ್ಟಿ, ಮೇಲೊಂದಿಷ್ಟು ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಬೆಣ್ಣೆ ತಟ್ಟೆಗಿಟ್ಟು ಕೊಟ್ಟಳು. ಪಂಕಜಾ ಬಾಯಿ ತೆರೆದಳು, ಮುಚ್ಚಿದಳು, ತಟ್ಟೆ ಹಿಡಿದು ಹೋದಳು. ಮರುದಿನ ಮತ್ತೆ ಬಂದಳು. ಮತ್ತೆ ರೊಟ್ಟಿ. “ಪಾಪ, ನನ್ನ ಕೈರೊಟ್ಟಿ ರುಚಿ ಹತ್ತೇತಿ ಆಕಿಗೆ” ಎಂದು ಕಾಶವ್ವ ದಿನವಿಡೀ ಹಿಗ್ಗಿದಳು.

ಮೂರನೆಯ ದಿನ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪಂಕಜಾಳ ದೂರು ಬಂತು: ಮೇಲಿನ ಮನೆಯವರು ನಸುಕಿನಲ್ಲಿ ನೆಲ ಕುಟ್ಟುವುದನ್ನು ನಿಲ್ಲಿಸಬೇಕು. ಸಂಗನಬಸವ ಅದನ್ನು ಓದಿ ಹೇಳಿದಾಗ ಕಾಶವ್ವನ ಕಣ್ಣು ಕೆಂಪಾಯಿತು.

“ಉಂಡ ಮನಿ ಜಂತಿ ಎಣಸ್ತಾಳಲ್ಲೋ ಇಕಿ! ಸಾಕಪ್ಪ ನನಗ ಈ ಊರು. ಬಾಗಲಕೋಟಿ ರೈಲಿಗೆ ಟಿಕೀಟ್ ತಗಸು.”

ಕಲ್ಲು ಮೂಲೆ ಸೇರಿತು. ಎರಡು ದಿನ ಬ್ರೆಡ್ಡು ತಿಂದರು. ಕಾಶವ್ವ ಟ್ರಂಕು ತುಂಬಿ ನನ್ನನ್ನು ಮಡಚಿ ಮೇಲಿಟ್ಟಳು. ನೀಲಾ “ಅತ್ತೀ, ನೀವು ಹೋಗ್ರಿ, ನಾನೂ ಕೆಲಸ ಬಿಟ್ಟು ಬರ್ತೀನಿ” ಎಂದಳು. ಸಿಟ್ಟಿನಿಂದಲ್ಲ, ನಿಜವಾಗಿಯೇ ಎಂದಳು. ಆಮೇಲೆ ನನ್ನೊಳಗೆ ಮುಖವಿಟ್ಟು ಅತ್ತಳು. ನನಗೂ ಸಂಕಟವಾಯಿತು. ಊರಿಗೆ ಹೋಗುವುದೆಂದರೆ ಖುಷಿಪಡಬೇಕಾದವಳು ನಾನು, ಆದರೆ ಈ ಹುಡುಗಿ ಮದುವೆಯಾಗಿ ಬಂದ ಮೇಲೆ ನನ್ನ ಮೇಲೆ ಕೂತೇ ಓದಿ, ಪರೀಕ್ಷೆ ಗೆದ್ದು ಈ ಕೆಲಸ ಪಡೆದವಳು.

ಆ ಸಂಜೆ ಪಂಕಜಾ ತಾನೇ ಮೇಲೆ ಬಂದಳು. ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಹುಳಿಯವಲಕ್ಕಿ ತುಂಬಿ ತಂದಿದ್ದಳು. ಟ್ರಂಕು ನೋಡಿ ಅವಳ ಮುಖ ಬಾಡಿತು.

“ಅಮ್ಮಾ, ಬೇಜಾರು ಮಾಡ್ಕೋಬೇಡಿ. ನಮ್ಮೆಜಮಾನ್ರದು ರಾತ್ರಿ ಪಾಳಿ, ಅಮೆರಿಕದವರ ಕೆಲಸ. ಬೆಳಗಿನ ಜಾವ ಬಂದು ಮಲಗ್ತಾರೆ. ನಿದ್ದೆಗೆಟ್ಟು ಮೊನ್ನೆ ಸ್ಕೂಟರಿಂದ ಬಿದ್ದು ಬಂದ್ರು ಕಣಮ್ಮ. ಅದನ್ನ ಹೇಳೋಣ ಅಂತಲೇ ಎರಡು ಸಲ ಬಂದೆ. ನೀವು ನೋಡಿದ್ರೆ ಬಿಸಿ ರೊಟ್ಟಿ ಕೈಗಿಟ್ರಿ. ಅದನ್ನ ಈಸ್ಕೊಂಡು ಹೆಂಗೆ ಹೇಳಲಿ?”

“ಅಯ್ಯ ನಮ್ಮವ್ವ!” ಕಾಶವ್ವ ಹಣೆ ಹಣೆ ಬಡಿದುಕೊಂಡಳು. “ನೀ ರೊಟ್ಟಿಗೆ ಬಂದೀ ಅಂತ ತಿಳದಿದ್ನಲ್ಲ ನಾನು! ದುಡದು ಬಂದು ಮಲಗಿದಾಂವನ್ನ ದಿನಾ ಎಬ್ಬಿಸಿ ಪಾಪ ಕಟಗೊಂಡೆ. ಒಳಗ ಬರೂ ಮುಂದನ ಒದರಬಾರ್ದೇನ?”

ನೇರ ಟ್ರಂಕಿನ ಹತ್ತಿರ ಹೋದಳು. ಆಮೇಲೆ ನನ್ನನ್ನು ಎಳೆದು, ನಾಲ್ಕು ಮಡಿಕೆ ಮಾಡಿ, ಅಡುಗೆಮನೆಯ ನೆಲಕ್ಕೆ ಹಾಕಿ, ನನ್ನ ಮೇಲೆ ಆ ಕಲ್ಲನ್ನು ಇಟ್ಟಳು.

“ಯವ್ವಾ! ಅಪ್ಪನ ಧೋತರದ ಕೌದಿ ಅದು!” ಸಂಗನಬಸವ ಕೂಗಿದ.

“ಗೊತ್ತೈತಿ. ನಿಮ್ಮಪ್ಪ ಇದ್ದಿದ್ರೂ ಇದನ್ನ ಮಾಡಂತಿದ್ದ.”

ಪಂಕಜಾ ಕೆಳಗೆ ಓಡಿದಳು, ಕೇಳಿಸಿಕೊಳ್ಳಲು. ನೀಲಾ ಫೋನು ಹಿಡಿದು ನಿಂತಳು. ಕಾಶವ್ವ ಹಿಟ್ಟು ನಾದಿ ಬಡಿಯತೊಡಗಿದಳು. ಒಂದೊಂದು ಏಟನ್ನೂ ನಾನು ಮೈಯೆಲ್ಲ ಬಿಗಿಹಿಡಿದು ನುಂಗಿದೆ. ಇಡೀ ರೊಟ್ಟಿ ಮುಗಿಯಿತು. ಫೋನಿನಲ್ಲಿ ಪಂಕಜಾಳ ದನಿ ಬಂತು:

“ಶುರು ಮಾಡಿದ್ರಾ?”

ನೀಲಾ ಅಲ್ಲೇ ನೆಲದ ಮೇಲೆ ಕುಸಿದು ಕೂತು ನಕ್ಕಳು, ಅತ್ತಳು. ಕಾಶವ್ವ ಮೊದಲ ರೊಟ್ಟಿಯನ್ನು ಕೆಳಗಿನ ಮನೆಗೆ ಕಳಿಸಿ, ಆಮೇಲೆ ಟ್ರಂಕು ಬಿಚ್ಚಿದಳು.

ಅಂದಿನಿಂದ ವರ್ಷಗಟ್ಟಲೆ ಏಟು ತಿಂದಿದ್ದೇನೆ. ಅಯ್ಯೋ ಪಾಪ ಎನ್ನಬೇಡಿ. ನನ್ನಿಂದ ಒಬ್ಬ ಮನುಷ್ಯ ನಿದ್ದೆ ಮಾಡಿದ, ಒಬ್ಬಳು ಹುಡುಗಿ ಕೆಲಸದಲ್ಲಿ ಮೇಲೇರಿದಳು, ಒಂದು ಕೂಸು ಅಜ್ಜಿಯ ತೊಡೆಯ ಮೇಲೆ ಬೆಳೆಯಿತು. ಇಷ್ಟು ಭಾಗ್ಯ ಎಷ್ಟು ಕೌದಿಗಳಿಗಿದೆ? ನನಗೆ ಈ ಊರಿನ ಮೇಲೆ, ಈ ಕಲ್ಲಿನ ಮೇಲೂ ಪ್ರೀತಿಯಿದೆ.

ಈಗ ನಾನು ಸವೆದು ಜಾಳಾಗಿದ್ದೇನೆ. ನಮ್ಮಲ್ಲಿ ಹಳೆಯ ಕೌದಿಯನ್ನು ಎಸೆಯುವುದಿಲ್ಲ, ಹೊಸದರ ಹೊಟ್ಟೆಗೆ ಹಾಕುತ್ತಾರೆ. ಈ ಭಾನುವಾರ ಕೆರೆಯ ದಂಡೆಯಲ್ಲಿ ಕಾಶವ್ವ ನನ್ನ ಮೇಲೆ ಪಂಕಜಾಳ ಹಳೆಯ ಸೀರೆಗಳನ್ನು ಹರಡಿ ಹೊಲಿಯುತ್ತಿದ್ದಾಳೆ. ಅಪಾರ್ಟ್‌ಮೆಂಟಿನ ಹೆಂಗಸರು ಸುತ್ತ ಕೂತು ಸೂಜಿ ಹಿಡಿಯಲು ಕಲಿಯುತ್ತಿದ್ದಾರೆ. ಮಾತಿಗೆ ಬರವಿಲ್ಲ. ಇನ್ನೊಂದು ಸಾಲು ಹೊಲಿದರೆ ನನಗೆ ಹೊರಗಿನ ಬೆಳಕು ಕಾಣುವುದಿಲ್ಲ, ಅದಕ್ಕೇ ಅವಸರದಲ್ಲಿ ಇಷ್ಟನ್ನೂ ಹೇಳಿದೆ.

ಹೊಸದಾಗಿ ಬಂದ ಹೆಂಗಸೊಬ್ಬಳು ಕೇಳುತ್ತಿದ್ದಾಳೆ: “ಅಮ್ಮಾ, ಬೇಸಿಗೆ ರಜಕ್ಕೆ ಊರಿಗೆ ಹೋಗಲ್ವಾ?”

ಕಾಶವ್ವ ಹಲ್ಲಿನಿಂದ ದಾರ ಕತ್ತರಿಸಿ, ತಲೆಯೆತ್ತಿ ಅವಳನ್ನೇ ನೋಡುತ್ತಾಳೆ.

“ಯಾವ ಊರಿಗವ್ವ?”