ಜವರಯ್ಯನ ಗುಡ್ಡೆ

"ಗುಡ್ಡೆ ನಿಮ್ಮ ಕಾಂಪೌಂಡ್ ಒಳಗೈತೆ ಕಣವ್ವ. ಅದುನ್ನ ಮುಟ್ಟೋ ಅಧಿಕಾರ ಸಂಘಕ್ಕಿಲ್ಲ" ಎಂದು ದೇವರಾಜು ಪುಟ್ಟತಾಯಮ್ಮನಿಗೆ ಕೊನೆಗೂ ಹೇಳಿಬಿಟ್ಟಾಗ, ಪಾರ್ಕಿನಲ್ಲಿ ಕೂತಿದ್ದವರಲ್ಲಿ ಅರ್ಧಕ್ಕರ್ಧ ಜನ ಮುಖ ಸಿಂಡರಿಸಿದರು. ಬಡಾವಣೆ ಸಂಘದ ಕಾರ್ಯದರ್ಶಿಯಾದ ಆತ ವಕೀಲರನ್ನು ವಿಚಾರಿಸಿಕೊಂಡೇ ಬಂದಿದ್ದ. ಅವಳ ಮಗ ಶಿವಶಂಕರ್ ಅಮ್ಮನ ಕಡೆ ತಿರುಗಿ ನಿರಾಳವಾಗಿ ಉಸಿರು ಬಿಟ್ಟ. ಗೆದ್ದೆವು ಅಂದುಕೊಂಡ, ಪಾಪ.

ಕೆ.ಆರ್. ಪೇಟೆಯ ಅಂಚಿನ ಈ ಬಡಾವಣೆ ಮೊದಲು ಜವರಯ್ಯನ ಹೊಲವಾಗಿತ್ತು. ಆತ ತೀರಿಕೊಂಡಾಗ ಹೊಲದ ಮೂಲೆಯಲ್ಲೇ ಮಣ್ಣು ಮಾಡಿ ಮೇಲೆ ಗುಡ್ಡೆ ಕಟ್ಟಿದ್ದರು. ಆಮೇಲೆ ಹೊಲವೆಲ್ಲ ಸೈಟಾಯಿತು. ಗುಡ್ಡೆಯಿದ್ದ ಮೂಲೆಯನ್ನು ಮಾತ್ರ ಹೆಂಡತಿ ಪುಟ್ಟತಾಯಮ್ಮ ಯಾರಿಗೂ ಕೊಡದೆ, ಅಲ್ಲೇ ಮನೆ ಕಟ್ಟಿಸಿ ಮಗನೊಂದಿಗೆ ಇದ್ದಳು. ರಸ್ತೆಯಲ್ಲಿ ರಾಗಿ ಹರವಬೇಡಿ ಎಂದರು ಸಂಘದವರು, ಬಿಟ್ಟಳು. ಹಸು ಕಟ್ಟಬೇಡಿ ಎಂದರು, ಬೈದುಕೊಂಡೇ ತವರೂರು ಶೀಳನೆರೆಯ ತಮ್ಮನ ಮನೆಗೆ ಅಟ್ಟಿದಳು. ಗುಡ್ಡೆ ಕಂಡು ಪಕ್ಕದ ಮನೆಗೆ ಬಾಡಿಗೆಯವರೇ ಬರುತ್ತಿಲ್ಲ, ತೆಗೆಸಿಬಿಡಿ ಎಂದಾಗ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. ನಿಲ್ಲದೆ ಇರುತ್ತಾಳೆಯೇ? ಗಂಡನನ್ನು ಮಲಗಿಸಿದ ಜಾಗ ಅದು, ಕಸದ ಗುಂಡಿಯಲ್ಲ.

ಎಲ್ಲರೂ ಏಳುತ್ತಿದ್ದಂತೆ ಅವಳು ಕೂತಲ್ಲಿಂದಲೇ ಕೇಳಿದಳು. "ಅಂಗಾರೆ ನಾನು ಸತ್ತಾಗ ಅವರ ಪಕ್ಕದಲ್ಲೇ ಮಣ್ಣು ಮಾಡ್ಬೋದಲ್ವಾ?"

ದೇವರಾಜು ಕನ್ನಡಕ ತೆಗೆದು ಒರೆಸತೊಡಗಿದ. ಅದು ಸಂಘದ ಕೈಯಲ್ಲಿಲ್ಲ, ಊರೊಳಗೆ ಮನೆಯಂಗಳದಲ್ಲಿ ಹೊಸದಾಗಿ ಹೂಳಲು ಪುರಸಭೆಯೇ ಒಪ್ಪುವುದಿಲ್ಲ, ಅದಕ್ಕೆಂದು ರುದ್ರಭೂಮಿಯಿದೆ, ಇರುವುದು ಇರಲಿ ಎಂದ. ದನಿ ತಗ್ಗಿಸಿಯೇ ಹೇಳಿದ. ಕೆಟ್ಟ ಮನುಷ್ಯನಾಗಿದ್ದರೆ ಪುಟ್ಟತಾಯಮ್ಮ ಬಾಯಿತುಂಬ ಬೈದು ಹಗುರಾಗುತ್ತಿದ್ದಳು.

ಮನೆಗೆ ಬಂದು ಗುಡ್ಡೆಯ ಪಕ್ಕ ಕೂತಳು. ಎಡಗಡೆಗೆ ಒಂದಾಳು ಮಲಗುವಷ್ಟು ಜಾಗವನ್ನು ಗಂಡನನ್ನು ಮಣ್ಣು ಮಾಡಿದ ದಿನವೇ ತನಗೆಂದು ಬಿಡಿಸಿದ್ದಳು. ಮನೆಗೆ ಪಾಯ ತೆಗೆಯುವಾಗಲೂ ಮೇಸ್ತ್ರಿಯ ಜೊತೆ ಜಗಳವಾಡಿ ಅದನ್ನು ಉಳಿಸಿಕೊಂಡಿದ್ದಳು. ಸಾಯುವ ಮಾತೆಲ್ಲ ಈಗ್ಯಾಕೆ, ಗುಡ್ಡೆ ಉಳೀತಲ್ಲ ಎಂದು ಮಗ ಸಮಾಧಾನ ಹೇಳಿದ.

"ಗುಡ್ಡೆ ಉಳ್ಕತು ಕಣಪ್ಪ. ನಾನೆಲ್ಲಿಗೋಗ್ಲಿ?"

ಅವಳಿಗೆ ಭಯವಾಗಿತ್ತು. ಸಾವಿನದಲ್ಲ. ಗುರುತು ಪರಿಚಯವಿಲ್ಲದವರ ನಡುವೆ ಒಬ್ಬಳೇ ಮಲಗಬೇಕಲ್ಲ ಎಂಬ ಭಯ. ಜೊತೆಗೆ ಬಾಳಿದಷ್ಟು ಕಾಲವೂ ಗಂಡನ ಗೊರಕೆಯನ್ನು ಶಪಿಸಿದ್ದ ಹೆಂಗಸು, ಆ ಗೊರಕೆ ನಿಂತ ಮೇಲೆ ನೆಟ್ಟಗೆ ನಿದ್ದೆ ಮಾಡಿದ್ದೇ ಇಲ್ಲ.

ಒಂದೆರಡು ದಿನ ಮಂಕಾಗಿ ಓಡಾಡಿದವಳು, ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, ಗುಡ್ಡೆ ತೆಗೆಸು ಎಂದಳು. ಶಿವಶಂಕರನಿಗೆ ರೇಗಿಹೋಯಿತು. ಇದಕ್ಕಾಗಿ ಇಡೀ ಬಡಾವಣೆಯನ್ನು ಎದುರು ಹಾಕಿಕೊಂಡಿದ್ದಾಯಿತು, ಇನ್ನು ಯಾವ ಮುಖ ಹೊತ್ತು ಓಡಾಡಲಿ ಎಂದು ಕೂಗಾಡಿದ. ಅವಳು ಕೂಗಾಡಲಿಲ್ಲ.

"ನಾನು ಅವರತ್ರ ಓಗಕ್ಕಾಗಲ್ವಲ್ಲ, ಅವರೇ ನನ್ನತ್ರ ಬರ್ಲಿ ಬುಡು."

ತಮ್ಮ ಚಿಕ್ಕಸ್ವಾಮಿ ಶೀಳನೆರೆಯ ತನ್ನ ಹೊಲದ ಬದುವಿನಲ್ಲಿ ಜಾಗ ಕೊಡಲು ತಕ್ಷಣ ಒಪ್ಪಿದ. ಶಿವಶಂಕರ್ ಗೊಣಗುತ್ತಲೇ ಕಚೇರಿಗಳಿಗೆ ಅಲೆದು ಅಪ್ಪಣೆ ತಂದ. ಬದುಕಿದ್ದಾಗ ಅತ್ತೆ ಮನೆಯಲ್ಲಿ ಒಂದು ರಾತ್ರಿಯೂ ತಂಗದೆ, ಉಂಡ ಕೈ ಒಣಗುವ ಮೊದಲೇ ಬಸ್ಸು ಹಿಡಿಯುತ್ತಿದ್ದ ಜವರಯ್ಯ ಹೀಗೆ ಅಲ್ಲಿಗೇ ಹೊರಡಬೇಕಾಯಿತು. ಗುಡ್ಡೆ ಬಿಡಿಸುವಾಗ ದೇವರಾಜು ಬಂದು ನಿಂತಿದ್ದ. ಯಾರೂ ಏನೂ ಅನ್ನುತ್ತಿರಲಿಲ್ಲ, ಇದು ಬೇಡವಾಗಿತ್ತು ಎಂದ. ಪುಟ್ಟತಾಯಮ್ಮ ಮೂಳೆಗಳನ್ನು ಹೊಸ ಪಂಚೆಯಲ್ಲಿ ಕಟ್ಟಿಸಿ, ಮಡಿಲಲ್ಲಿಟ್ಟುಕೊಂಡು ಆಟೋ ಹತ್ತಿದಳು.

ಹೊಲದಲ್ಲಿ ಚಿಕ್ಕಸ್ವಾಮಿ ಗಂಟಿಗೆ ಸಾಕಾಗುವಷ್ಟೇ ಗುಂಡಿಗೆ ಗುರುತು ಹಾಕಿ, ಬದುವಿಗೆ ಒತ್ತಿದಂತೆ ಅಗೆಯಲು ಶುರುಮಾಡಿದ್ದ. ಪುಟ್ಟತಾಯಮ್ಮ ನೋಡುವಷ್ಟು ನೋಡಿದಳು. ಗಂಟನ್ನು ಮಗನ ಕೈಗೆ ಕೊಟ್ಟು, ಗುಂಡಿಗೂ ಬದುವಿಗೂ ನಡುವೆ ನೆಲದ ಮೇಲೆ ಮಗ್ಗುಲಾಗಿ ಮಲಗಿದಳು. ಮಗ್ಗುಲು ಬದಲಿಸಲಾಗಲಿಲ್ಲ, ಬೆನ್ನಿಗೆ ಬದು ಒತ್ತುತ್ತಿತ್ತು.

"ಇನ್ನೊಸಿ ಆ ಕಡೀಕೆ ತೋಡ್ಲಾ ಚಿಕ್ಸಾಮಿ. ಇಲ್ಲಿ ನಂಗೆ ಜಾಗ ಸಾಲ್ದು."

ಚಿಕ್ಕಸ್ವಾಮಿ ಎತ್ತಿದ ಗುದ್ದಲಿ ಇಳಿಸದೆ ನಿಂತ. ಶಿವಶಂಕರ್ ಗಂಟನ್ನು ಎದೆಗವಚಿಕೊಂಡು ಬಗ್ಗಿ, ಅಮ್ಮನ ತಲೆಯ ಕೆಳಗಿದ್ದ ಕಲ್ಲೊಂದನ್ನು ತೆಗೆದು ಆಚೆಗೆ ಹಾಕಿದ.